ಪಲ್ಲಕ್ಕಿ ಮತ್ತು ಹೊರುವವರು: ಜಪಾನಿನ ಸಮಾಜದಲ್ಲಿ ರಾಜಕೀಯ ನಾಯಕತ್ವದ ಪ್ರಶ್ನೆ

1

ಜಪಾನಿನ ರಾಜಕೀಯವನ್ನು ಕುರಿತ ಬರಹಗಳಲ್ಲಿ ಆ ದೇಶದ ವಿದ್ವಾಂಸರೂ ಹೊರಗಿನ ಅಭ್ಯಾಸಿಗಳೂ ಸಮಾನವಾಗಿ ಎತ್ತುವ ಆಕ್ಷೇಪವೊಂದಿದೆ. ಅಲ್ಲಿ ದಕ್ಷವಾದ ಆಡಳಿತಯಂತ್ರವಿದೆ, ಶಿಸ್ತಿನ ಜನತೆಯಿದೆ, ಲೋಕವಿಖ್ಯಾತವಾದ ಉದ್ಯಮಗಳಿವೆ. ಆದರೆ ‘ಈ ನಿರ್ಧಾರ ನನ್ನದು, ಇದರ ಫಲಾಫಲಗಳೂ ನನ್ನವು’ ಎಂದು ಜನರ ಮುಂದೆ ನಿಂತು ಹೇಳಬಲ್ಲ ರಾಜಕೀಯ ನಾಯಕರು ವಿರಳ ಎಂಬುದೇ ಆ ಆಕ್ಷೇಪ. 1989ರಲ್ಲಿ ಡಚ್ ಪತ್ರಕರ್ತ ಕಾರೆಲ್ ವಾನ್ ವೋಲ್ಫರೆನ್ ಜಪಾನಿನ ಅಧಿಕಾರವ್ಯವಸ್ಥೆಗೆ ಕೇಂದ್ರವೇ ಇಲ್ಲವೆಂದು ವಾದಿಸಿದಾಗ ದೊಡ್ಡ ವಿವಾದವೆದ್ದಿತು. 1993ರಲ್ಲಿ ರಾಜಕಾರಣಿ ಒಜಾವಾ ಇಚಿರೊ ದೇಶದ ಪುನಾರಚನೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಪ್ರಬಲ ನಾಯಕತ್ವದ ಸ್ಥಾಪನೆಯೇ ಮೊದಲ ಬೇಡಿಕೆಯಾಗಿತ್ತು. ಅಲ್ಲಿಂದೀಚೆಗೆ ಮೂರು ದಶಕಗಳು ಕಳೆದಿವೆ; ಪ್ರಧಾನಿಯ ಕಾನೂನುಬದ್ಧ ಅಧಿಕಾರ ನಿಶ್ಚಯವಾಗಿಯೂ ಹೆಚ್ಚಿದೆ. ಆದರೂ ಪ್ರಶ್ನೆ ಬಗೆಹರಿದಿಲ್ಲ. ‘ಪ್ರಬಲ’ ಎಂಬ ವಿಶೇಷಣಕ್ಕೆ ಯಾವ ಅರ್ಥವನ್ನು ಕೊಡಬೇಕು ಎಂಬಲ್ಲಿಯೇ ತೊಡಕಿರುವಂತೆ ತೋರುತ್ತದೆ.

ಜಪಾನೀ ಭಾಷೆಯಲ್ಲಿ ದಾರಿ ತೋರುವವನು ಎಂಬರ್ಥದ ‘ಶಿದೋಶಾ’ ಎಂಬ ಪದವಿದ್ದರೂ ನಾಯಕತ್ವದ ಕೊರತೆಯ ಮಾತು ಬಂದಾಗ ಪತ್ರಿಕೆಗಳು ಬಳಸುವುದು ಇಂಗ್ಲಿಷಿನಿಂದ ಎರವಲು ಪಡೆದ ‘ರೀದಾಶಿಪ್ಪು’ ಎಂಬ ರೂಪವನ್ನು. ಕನ್ನಡದಲ್ಲಾದರೋ ನಾಯಕನು ಕಾವ್ಯಮೀಮಾಂಸೆಯಿಂದಲೂ ಪಾಳೆಯಪಟ್ಟುಗಳಿಂದಲೂ ಬಂದವನು. ಮುಂದಾಳು ಎಂಬ ಅಚ್ಚಗನ್ನಡದ ಮಾತೂ ಇದೆ. ಒಂದು ಎರವಲು ಪದದ ಆಧಾರದಿಂದ ಇಡಿಯ ಸಮಾಜದ ಸ್ವಭಾವವನ್ನು ನಿರ್ಣಯಿಸುವುದು ಸಾಧುವಲ್ಲ. ಆದರೆ ಬೇಡಿಕೆಯ ಹೆಸರೇ ಹೊರಗಿನಿಂದ ಬಂದುದು ಕುತೂಹಲಕರ ಸಂಗತಿ.

ಕನ್ನಡ ಓದುಗರ ಮನಸ್ಸಿನಲ್ಲಿರುವ ಜಪಾನಿನ ಚಿತ್ರ ಇದಕ್ಕಿಂತ ಬೇರೆ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ಸಂದರ್ಶಿಸಿದರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗಲೂ ಅನಂತರದ ಬರಹಗಳಲ್ಲಿಯೂ ಶಿಕ್ಷಣ ಮತ್ತು ಕೈಗಾರಿಕೆಗಳ ವಿಷಯದಲ್ಲಿ ಜಪಾನನ್ನು ಮೇಲ್ಪಂಕ್ತಿಯಾಗಿ ಮುಂದಿಟ್ಟರು. ಅವರು ಕಂಡ ಜಪಾನು ಗಟ್ಟಿಯಾದ ಸಂಕಲ್ಪದಿಂದ ಮುನ್ನಡೆಯುತ್ತಿದ್ದ ದೇಶ. ಆ ಕಾಣ್ಕೆ ಸುಳ್ಳಲ್ಲ. ಆದರೆ ಆ ಸಂಕಲ್ಪವು ಯಾವ ಸಂಸ್ಥೆಯಲ್ಲಿ ನೆಲೆಗೊಂಡಿತ್ತು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

2

1868ರ ಮೇಜಿ ಪರಿವರ್ತನೆಯ ಬಳಿಕ ದೇಶವನ್ನು ನಡೆಸಿದವರು ಮುಖ್ಯವಾಗಿ ಸತ್ಸುಮಾ ಮತ್ತು ಚೋಶೂ ಸಂಸ್ಥಾನಗಳಿಂದ ಬಂದ ಕೆಲವೇ ಮಂದಿ. ಇವರಲ್ಲಿ ಇತೊ ಹಿರೊಬುಮಿ 1885ರಲ್ಲಿ ಮೊದಲ ಪ್ರಧಾನಿಯಾದನು; ಯಾಮಾಗಾತಾ ಅರಿತೊಮೊ ಆಧುನಿಕ ಸೈನ್ಯವನ್ನು ಕಟ್ಟಿದನು. ಮುಂದೆ ಇಂಥವರನ್ನು ‘ಗೆನ್‌ರೊ’ ಎಂದರೆ ಹಿರಿಯ ರಾಜನೀತಿಜ್ಞರೆಂದು ಕರೆಯಲಾಯಿತು. 1889ರ ಸಂವಿಧಾನದಲ್ಲಿ ಗೆನ್‌ರೊಗಳ ಹೆಸರಿಲ್ಲ. ಅದಕ್ಕಿಂತ ಆಶ್ಚರ್ಯದ ವಿಷಯವೆಂದರೆ ಮಂತ್ರಿಮಂಡಲ, ಪ್ರಧಾನಮಂತ್ರಿ ಎಂಬ ಪದಗಳೂ ಅದರಲ್ಲಿಲ್ಲ. ಪ್ರತಿಯೊಬ್ಬ ಸಚಿವನೂ ಪ್ರತ್ಯೇಕವಾಗಿ ಚಕ್ರವರ್ತಿಗೆ ಸಲಹೆ ನೀಡತಕ್ಕವನು, ಪ್ರತ್ಯೇಕವಾಗಿಯೇ ಹೊಣೆಗಾರನು. ತನ್ನ ಸಂಪುಟದ ಸಚಿವನೊಬ್ಬನನ್ನು ವಜಾಮಾಡುವ ಅಧಿಕಾರವೂ ಪ್ರಧಾನಿಗೆ ಇರಲಿಲ್ಲ. ಸೈನ್ಯದ ಪರಮಾಧಿಪತ್ಯ ನೇರವಾಗಿ ಚಕ್ರವರ್ತಿಯದು. ಅಂದರೆ ವಾಸ್ತವದಲ್ಲಿ ದಂಡಿನ ಮುಖ್ಯಸ್ಥರದು. ಚಕ್ರವರ್ತಿ ತಾನಾಗಿ ರಾಜ್ಯಭಾರ ಮಾಡುವ ರೂಢಿ ಇರಲಿಲ್ಲ. ಹೀಗೆ ಎಲ್ಲ ಸೂತ್ರಗಳೂ ಹೋಗಿ ಸೇರುವ ಜಾಗವೊಂದು ಬರಿದಾಗಿತ್ತು; ಅದನ್ನು ಗೆನ್‌ರೊಗಳು ತಮ್ಮ ವೈಯಕ್ತಿಕ ಪ್ರಭಾವದಿಂದ ತುಂಬಿದ್ದರು. ಸಂಸ್ಥೆ ಮಾಡಬೇಕಾದ ಕೆಲಸವನ್ನು ವ್ಯಕ್ತಿಗಳು ಮಾಡಿದರೆ ಆ ವ್ಯಕ್ತಿಗಳ ನಂತರ ಏನಾಗುವುದು ಎಂಬುದಕ್ಕೆ ಜಪಾನಿನ 1930ರ ದಶಕ ಉತ್ತರವಾಯಿತು.

1924ರ ಹೊತ್ತಿಗೆ ಗೆನ್‌ರೊಗಳಲ್ಲಿ ಉಳಿದಿದ್ದವನು ಸಾಯೊಂಜಿ ಕಿನ್‌ಮೊಚಿ ಒಬ್ಬನೇ. ಅವನೂ 1940ರಲ್ಲಿ ಕಾಲವಾದನು. ಪಕ್ಷಗಳ ಮೂಲಕ ಆ ಬರಿದಾದ ಜಾಗವನ್ನು ತುಂಬಲು ಯತ್ನಿಸಿದವರ ಗತಿ ದಾರುಣ. ಹಾರಾ ತಕಾಶಿ 1921ರಲ್ಲಿ ತೋಕ್ಯೊ ರೈಲುನಿಲ್ದಾಣದಲ್ಲಿ ಇರಿತಕ್ಕೆ ಬಲಿಯಾದನು. ಅದೇ ನಿಲ್ದಾಣದಲ್ಲಿ 1930ರಲ್ಲಿ ಗುಂಡೇಟು ತಿಂದ ಹಮಾಗುಚಿ ಒಸಾಚಿ ಮರುವರ್ಷ ತೀರಿಕೊಂಡನು. ಇನುಕಾಯಿ ತ್ಸುಯೊಶಿಯನ್ನು 1932ರ ಮೇ 15ರಂದು ನೌಕಾಪಡೆಯ ಯುವ ಅಧಿಕಾರಿಗಳು ಅವನ ನಿವಾಸದಲ್ಲಿಯೇ ಕೊಂದರು. 1936ರಲ್ಲಿ, ಭೂಸೇನೆ ಮತ್ತು ನೌಕಾಸೇನೆಗಳ ಸಚಿವರು ಸೇವೆಯಲ್ಲಿರುವ ಅಧಿಕಾರಿಗಳೇ ಆಗಿರಬೇಕೆಂಬ ಹಳೆಯ ನಿಯಮ ಮತ್ತೆ ಜಾರಿಗೆ ಬಂದಿತು. ಸಚಿವನನ್ನು ಕೊಡಲು ಸೈನ್ಯ ಒಪ್ಪದಿದ್ದರೆ ಸಂಪುಟವೇ ಇಲ್ಲ. 1937ರಲ್ಲಿ ಉಗಾಕಿ ಕಜುಶಿಗೆ ಸಂಪುಟ ರಚಿಸಲಾಗದೆ ಹಿಂದೆ ಸರಿದುದೂ 1940ರಲ್ಲಿ ಯೊನಾಯಿ ಸಂಪುಟ ಉರುಳಿದುದೂ ಈ ನಿಯಮದಿಂದಲೇ.

1941ರ ಅಕ್ಟೋಬರ್ ತಿಂಗಳ ಘಟನಾವಳಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಅಮೆರಿಕದೊಡನೆ ಸಂಧಾನ ನಡೆದಿತ್ತು. ಚೀನಾದಿಂದ ಸೈನ್ಯವನ್ನು ಹಿಂದಕ್ಕೆ ಕರೆಸುವ ಪ್ರಶ್ನೆಯೇ ಮುಖ್ಯ ತೊಡಕು. ಸೆಪ್ಟೆಂಬರ್ 6ರ ಸಾಮ್ರಾಜ್ಯಸಭೆಯು ಅಕ್ಟೋಬರ್ ಮೊದಲ ಭಾಗದೊಳಗೆ ಸಂಧಾನ ಫಲಿಸದಿದ್ದರೆ ಯುದ್ಧದ ನಿರ್ಧಾರ ಎಂದು ಗಡುವು ಹಾಕಿತ್ತು. ಅಕ್ಟೋಬರ್ 12ರಂದು ಪ್ರಧಾನಿ ಕೊನೊಯೆ ಫುಮಿಮಾರೊ ತನ್ನ ಮನೆಯಲ್ಲಿ ಪ್ರಮುಖ ಸಚಿವರನ್ನು ಕರೆದು ಸಮಾಲೋಚಿಸಿದನು. ಅಮೆರಿಕದಂತಹ ಶಕ್ತಿಯ ವಿರುದ್ಧ ದೀರ್ಘಯುದ್ಧದಲ್ಲಿ ಗೆಲ್ಲುವ ಭರವಸೆ ನೌಕಾಪಡೆಗೆ ಇರಲಿಲ್ಲ. ಆದರೆ ನೌಕಾಸಚಿವ ಒಯಿಕಾವಾ ಕೊಶಿರೊ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಯುದ್ಧವೋ ಶಾಂತಿಯೋ ಎಂಬುದನ್ನು ಪ್ರಧಾನಿಯ ವಿವೇಚನೆಗೆ ಬಿಟ್ಟನು. ಭೂಸೇನಾ ಸಚಿವ ತೊಜೊ ಹಿದೆಕಿ ಸೈನ್ಯದ ವಾಪಸಾತಿಗೆ ಒಪ್ಪಲಿಲ್ಲ. ಕೊನೊಯೆಗೆ ಯುದ್ಧ ಬೇಕಿರಲಿಲ್ಲ. ಬೇಡವೆಂದು ತೀರ್ಮಾನಿಸುವ ಎದೆಗಾರಿಕೆಯೂ ಇರಲಿಲ್ಲ. ನಾಲ್ಕು ದಿನಗಳ ಬಳಿಕ ಅವನು ರಾಜೀನಾಮೆ ಕೊಟ್ಟನು. 18ರಂದು ತೊಜೊ ಪ್ರಧಾನಿಯಾದನು. ಹೊಣೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಕೋಟ್ಯಂತರ ಜನರ ಭವಿಷ್ಯ ತೀರ್ಮಾನವಾದ ಬಗೆ ಇದು. ಸರ್ವಾಧಿಕಾರಿಯೆಂದು ಹೊರಜಗತ್ತು ಕಂಡ ತೊಜೊಗೂ ಸೇನಾಕಾರ್ಯಾಚರಣೆಯ ಮೇಲೆ ಹಿಡಿತ ಸಾಲದೆ, 1944ರ ಫೆಬ್ರವರಿಯಲ್ಲಿ ಭೂಸೇನೆಯ ಮುಖ್ಯಸ್ಥನ ಹುದ್ದೆಯನ್ನೂ ತಾನೇ ವಹಿಸಿಕೊಳ್ಳಬೇಕಾಯಿತು.

ಈ ವ್ಯವಸ್ಥೆಯನ್ನು ಅತ್ಯಂತ ತೀಕ್ಷ್ಣವಾಗಿ ವಿಶ್ಲೇಷಿಸಿದವನು ರಾಜಕೀಯ ಚಿಂತಕ ಮಾರುಯಾಮಾ ಮಸಾವೊ. 1946ರಲ್ಲಿ ಅತಿರಾಷ್ಟ್ರೀಯತೆಯನ್ನು ಕುರಿತು ಅವನು ಬರೆದ ಲೇಖನ ಜಪಾನೀ ಬುದ್ಧಿಜೀವಿಗಳನ್ನು ಬಡಿದೆಬ್ಬಿಸಿತು. 1949ರ ಇನ್ನೊಂದು ಲೇಖನದಲ್ಲಿ ಅವನು ಯುದ್ಧಕಾಲದ ನಾಯಕರನ್ನು ಮೂರು ಬಗೆಯಾಗಿ ವಿಂಗಡಿಸಿದನು: ಮಿಕೋಶಿ, ಅಧಿಕಾರಿ ಮತ್ತು ಪುಂಡ. ಮಿಕೋಶಿ ಎಂದರೆ ಶಿಂತೊ ಉತ್ಸವಗಳಲ್ಲಿ ಜನರು ಹೆಗಲ ಮೇಲೆ ಹೊತ್ತು ಕೂಗುತ್ತ ಕುಲುಕುತ್ತ ಬೀದಿಯಲ್ಲಿ ಸಾಗಿಸುವ ದೇವರ ಪಲ್ಲಕ್ಕಿ. ಕನ್ನಡಿಗರಿಗೆ ಈ ರೂಪಕಕ್ಕೆ ವ್ಯಾಖ್ಯಾನ ಬೇಕಿಲ್ಲ. ಅಧಿಕಾರವಿಲ್ಲದೆ ಪದವಿಯಲ್ಲಿ ಕುಳಿತವನನ್ನು ‘ಉತ್ಸವಮೂರ್ತಿ’ ಎನ್ನುವುದು ಕನ್ನಡದಲ್ಲಿ ನಿತ್ಯದ ಮಾತು. ಆದರೆ ಮಾರುಯಾಮಾನ ದೃಷ್ಟಿ ಮೂರ್ತಿಯ ಮೇಲಷ್ಟೇ ಅಲ್ಲ, ಹೊರುವವರ ಮೇಲೂ ಇದೆ. ಪಲ್ಲಕ್ಕಿಯಿಂದ ಅಧಿಕೃತತೆ ಕೆಳಕ್ಕೆ ಇಳಿಯುತ್ತದೆ. ಪುಂಡರ ಒತ್ತಡ ಕೆಳಗಿನಿಂದ ಮೇಲಕ್ಕೇರಿ ಅಧಿಕಾರಿಯನ್ನು ತಳ್ಳುತ್ತದೆ. ಪಲ್ಲಕ್ಕಿ ಯಾರದೋ ಮನೆಯ ಗೋಡೆಗೆ ಅಪ್ಪಳಿಸಿದಾಗ ‘ನಾನು ಈ ಕಡೆ ಎಳೆದೆ’ ಎಂದು ಹೇಳುವವರಿಲ್ಲ. ಇದನ್ನು ಅವನು ಬೇಜವಾಬ್ದಾರಿಯ ವ್ಯವಸ್ಥೆ ಎಂದು ಕರೆದನು.

ತೋಕ್ಯೊ ನ್ಯಾಯಮಂಡಳಿಯಲ್ಲಿ (1946-48) ಭಾರತದ ನ್ಯಾಯಮೂರ್ತಿ ರಾಧಾಬಿನೋದ ಪಾಲ್ ಅವರು ನೀಡಿದ ಭಿನ್ನತೀರ್ಪನ್ನು ಈ ಹಿನ್ನೆಲೆಯಲ್ಲಿಟ್ಟು ಓದಬಹುದು. ಆಪಾದಿತರೆಲ್ಲ ಸೇರಿ ವರ್ಷಾನುವರ್ಷ ಒಂದು ಸಮಗ್ರ ಒಳಸಂಚನ್ನು ನಡೆಸಿದರೆಂಬ ಆರೋಪ ಸಿದ್ಧವಾಗಿಲ್ಲವೆಂದು ಅವರು ಹೇಳಿದರು. ಒಳಸಂಚಿಗೆ ಬೇಕಾದಷ್ಟು ಒಗ್ಗಟ್ಟೂ ಆ ನಾಯಕರಲ್ಲಿರಲಿಲ್ಲ ಎಂಬುದು ಇತಿಹಾಸದಿಂದ ಕಾಣುತ್ತದೆ. ನ್ಯಾಯಾಲಯದಲ್ಲಿ ಬಿಡುಗಡೆಗೆ ಆಧಾರವಾಗಬಲ್ಲ ಈ ಸಂಗತಿ ರಾಜ್ಯಶಾಸ್ತ್ರದ ಕಣ್ಣಿನಲ್ಲಿ ಅತಿ ದೊಡ್ಡ ದೋಷಾರೋಪವಾಗುತ್ತದೆ.

3

ಈ ಸ್ಥಿತಿಗೆ ಸಂವಿಧಾನದ ರಚನೆಯೊಂದೇ ಕಾರಣವೋ ಸಮಾಜದ ಹಂದರವೂ ಕಾರಣವೋ? ಮಾನವಶಾಸ್ತ್ರಜ್ಞೆ ನಾಕಾನೆ ಚಿಯೆ ಅವರ ವಿಚಾರಗಳು ಇಲ್ಲಿ ಉಪಯುಕ್ತ. 1950ರ ದಶಕದಲ್ಲಿ ಭಾರತದಲ್ಲಿ ಕ್ಷೇತ್ರಕಾರ್ಯ ಮಾಡಿದ ನಾಕಾನೆ, 1967ರಲ್ಲಿ ಪ್ರಕಟವಾದ ಕೃತಿಯಲ್ಲಿ ಜಪಾನನ್ನು ‘ತಾತೆ ಶಾಕಾಯಿ’, ಅಂದರೆ ಲಂಬಸಂಬಂಧಗಳ ಸಮಾಜ ಎಂದು ವರ್ಣಿಸಿದರು. ಭಾರತದಲ್ಲಿ ಜಾತಿಯಂತಹ ಗುಣಲಕ್ಷಣ ಸಮಾನರನ್ನು ಅಡ್ಡಲಾಗಿ ಬೆಸೆದರೆ, ಜಪಾನಿನಲ್ಲಿ ಮನೆ, ಕಂಪನಿ, ಇಲಾಖೆ ಮುಂತಾದ ಚೌಕಟ್ಟುಗಳು ಮೇಲು-ಕೀಳಿನ ಸರಪಣಿಯಿಂದ ಜನರನ್ನು ಕಟ್ಟುತ್ತವೆ ಎಂಬುದು ಅವರ ಪ್ರಮೇಯ. ಮೈಸೂರಿನ ಹಳ್ಳಿಯನ್ನು ಅಭ್ಯಸಿಸಿದ ಎಂ. ಎನ್. ಶ್ರೀನಿವಾಸರು ಜಾತಿಯ ಅಡ್ಡಬಂಧದ ಜೊತೆಗೆ ಗ್ರಾಮದ ಲಂಬವಾದ ಏಕತೆಯನ್ನೂ ಗುರುತಿಸಿದ್ದನ್ನು ನೆನೆದರೆ ನಾಕಾನೆಯವರ ವಿಭಜನೆ ಸ್ವಲ್ಪ ಅತಿಸರಳ ಎನ್ನಬೇಕಾಗುತ್ತದೆ.

ಆದರೆ ನಾಯಕನ ವಿಷಯದಲ್ಲಿ ಅವರು ಹೇಳುವ ಮಾತು ಗಹನವಾದುದು. ಮೇಲು-ಕೀಳಿನ ಶ್ರೇಣಿ ಇದ್ದಲ್ಲಿ ಮೇಲಿನವನು ಬಲಿಷ್ಠನಾಗಿರುತ್ತಾನೆಂಬುದು ಸಾಮಾನ್ಯ ಊಹೆ. ನಾಕಾನೆ ಇದನ್ನು ತಿರುಗಿಸುತ್ತಾರೆ. ತನ್ನ ನೇರ ಅನುಯಾಯಿಗಳ ಭಾವನಾತ್ಮಕ ನಿಷ್ಠೆಯಿಂದ ಮಾತ್ರ ಮೇಲಿರುವ ನಾಯಕ ಅವರ ಇಚ್ಛೆಯಿಂದ ಬಂಧಿತನಾಗಿರುತ್ತಾನೆ. ತುಂಬ ಬುದ್ಧಿವಂತನಾಗದಿರುವುದೇ ಅವನಿಗೆ ಒಳಿತು, ಏಕೆಂದರೆ ಅವನ ಕುಂದುಗಳು ಕೆಳಗಿನವರಿಗೆ ಕೆಲಸಮಾಡುವ ಅವಕಾಶ ಕೊಡುತ್ತವೆ. ಅಂದರೆ ಶ್ರೇಣೀಕರಣ ಕಟ್ಟುನಿಟ್ಟಾಗಿರುವ ಸಮಾಜದಲ್ಲಿಯೇ ನಾಯಕತ್ವ ದುರ್ಬಲವಾಗಿರಬಹುದು.

‘ನೆಮಾವಾಶಿ’ ಎಂಬ ಪದವನ್ನು ಈ ಸಂದರ್ಭದಲ್ಲಿ ಪರಿಶೀಲಿಸಬಹುದು. ಇದು ತೋಟಗಾರರ ಪದ. ದೊಡ್ಡ ಮರವನ್ನು ಬೇರೆಡೆ ನೆಡಬೇಕಾದರೆ ಬಹಳ ಮುಂಚಿತವಾಗಿ ಅದರ ಸುತ್ತ ಅಗೆದು, ದಪ್ಪ ಬೇರುಗಳನ್ನು ಕತ್ತರಿಸಿ, ಹೊಸ ಎಳೆಬೇರುಗಳು ಚಿಗುರುವಂತೆ ಮಾಡಿ ಕಟ್ಟುತ್ತಾರೆ. ಸಭೆಗೆ ಮುನ್ನ ಸಂಬಂಧಪಟ್ಟ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕಂಡು ಒಪ್ಪಿಗೆ ಪಡೆಯುವ ಕ್ರಮಕ್ಕೆ ಇದೇ ಹೆಸರು. ಹಾಗೆಯೇ ‘ರಿಂಗಿ’ ಪದ್ಧತಿಯಲ್ಲಿ ಕೆಳಹಂತದಲ್ಲಿ ಸಿದ್ಧವಾದ ಕರಡು ಮೇಜಿನಿಂದ ಮೇಜಿಗೆ ಏರುತ್ತ ಎಲ್ಲರ ಮುದ್ರೆ ಪಡೆಯುತ್ತದೆ. ಇಂತಹ ಕ್ರಮದ ಗುಣವನ್ನು ಅಲ್ಲಗಳೆಯುವಂತಿಲ್ಲ: ತೀರ್ಮಾನ ತಡವಾದರೂ ಜಾರಿ ಬೇಗ, ಸೋತವರೆಂಬ ಗುಂಪು ಹುಟ್ಟುವುದಿಲ್ಲ. ಮರವನ್ನು ಎಲ್ಲಿಗೆ ಸಾಗಿಸಬೇಕೆಂಬುದು ಮೊದಲೇ ಗೊತ್ತಿದ್ದಾಗ ಇದು ಶ್ರೇಷ್ಠ ವಿಧಾನ. ಎಲ್ಲಿಗೆ ಎಂಬುದೇ ವಿವಾದವಾದಾಗ, ಅಥವಾ ತೋಟಕ್ಕೆ ಬೆಂಕಿ ಬಿದ್ದಾಗ, ಬೇರು ಚಿಗುರಲು ಕಾಯುವಂತಿಲ್ಲ.

4

ಯುದ್ಧೋತ್ತರ ಜಪಾನಿಗೆ ಎಲ್ಲಿಗೆ ಎಂಬುದು ಗೊತ್ತಿತ್ತು. 1947ರ ಸಂವಿಧಾನ ಪ್ರಧಾನಿಗೆ ಸಚಿವರನ್ನು ನೇಮಿಸುವ, ತೆಗೆಯುವ ಅಧಿಕಾರ ಕೊಟ್ಟಿತು. ಯೊಶಿದಾ ಶಿಗೆರು ರಕ್ಷಣೆಯನ್ನು ಅಮೆರಿಕಕ್ಕೆ ಬಿಟ್ಟು ಆರ್ಥಿಕ ಪುನರ್ನಿರ್ಮಾಣಕ್ಕೆ ಒತ್ತುಕೊಟ್ಟನು. ಇಕೆದಾ ಹಯಾತೊ 1960ರಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಸುವ ಯೋಜನೆಯನ್ನು ಘೋಷಿಸಿದನು. 1968ರ ಹೊತ್ತಿಗೆ ಬಂಡವಾಳಶಾಹಿ ರಾಷ್ಟ್ರಗಳಲ್ಲಿ ಜಪಾನು ಎರಡನೆಯ ಆರ್ಥಿಕ ಶಕ್ತಿಯಾಯಿತು. 1955ರಲ್ಲಿ ಹುಟ್ಟಿದ ಲಿಬರಲ್ ಡೆಮಾಕ್ರಟಿಕ್ ಪಕ್ಷ 38 ವರ್ಷಗಳ ಕಾಲ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ರಾಜಕಾರಣಿಗಳು ಪಟ್ಟದಲ್ಲಿ ಕುಳಿತಿದ್ದರು, ಆಳಿದವರು ಅಧಿಕಾರಿಗಳು ಎಂಬುದು ಈ ಕಾಲವನ್ನು ಕುರಿತು ಅಮೆರಿಕದ ವಿದ್ವಾಂಸ ಚಾಮರ್ಸ್ ಜಾನ್ಸನ್ 1982ರಲ್ಲಿ ನೀಡಿದ ವಿವರಣೆ.

ಪಕ್ಷದೊಳಗೂ ಪಲ್ಲಕ್ಕಿಯ ನ್ಯಾಯವೇ. ಒಂದೊಂದು ಕ್ಷೇತ್ರದಿಂದ ಸಾಮಾನ್ಯವಾಗಿ ಮೂರರಿಂದ ಐವರು ಆಯ್ಕೆಯಾಗುತ್ತಿದ್ದುದರಿಂದ ಒಂದೇ ಪಕ್ಷದ ಅಭ್ಯರ್ಥಿಗಳು ಪರಸ್ಪರ ಸ್ಪರ್ಧಿಸಬೇಕಿತ್ತು. ಅವರನ್ನು ಪೋಷಿಸಲು ಬಣಗಳು, ಬಣಗಳಿಗೆ ಹಣ, ಹಣಕ್ಕೆ ಹಗರಣ. ಬಣಗಳ ರಾಜಿಯಿಂದ ಪ್ರಧಾನಿ ಆಗುತ್ತಿದ್ದನು, ಹಾಗೆಯೇ ಹೋಗುತ್ತಿದ್ದನು. ಸರಕಾರದ ಮಸೂದೆಗಳು ಸಂಸತ್ತಿಗೆ ಬರುವ ಮೊದಲೇ ಪಕ್ಷದ ಸಮಿತಿಗಳಲ್ಲಿ ಪರಿಶೀಲಿತವಾಗಿ ಸರ್ವಾನುಮತ ಪಡೆಯಬೇಕಿತ್ತು. ಸಂಪುಟ ಸಭೆಯ ಮುನ್ನಾದಿನ ಇಲಾಖೆಗಳ ಉಪಸಚಿವಾಧಿಕಾರಿಗಳು ಸೇರಿ ಒಪ್ಪಿದ ವಿಷಯಗಳಷ್ಟೇ ಸಂಪುಟದ ಮುಂದೆ ಬರುತ್ತಿದ್ದುವು.

ಗುರಿ ಮುಟ್ಟಿದ ಮೇಲೆ ಈ ಯಂತ್ರಕ್ಕೆ ದಿಕ್ಕು ತೋರದಾಯಿತು. 1989ರ ಡಿಸೆಂಬರ್ ಕೊನೆಯಲ್ಲಿ 38,915ಕ್ಕೆ ಏರಿದ್ದ ನಿಕ್ಕೇ ಷೇರುಸೂಚ್ಯಂಕ ಆ ಮಟ್ಟವನ್ನು ಮರಳಿ ಕಂಡದ್ದು 2024ರಲ್ಲಿ. ಬ್ಯಾಂಕುಗಳ ವಸೂಲಾಗದ ಸಾಲದ ರಾಶಿಯನ್ನು ಎಲ್ಲರೂ ಬಲ್ಲವರಾಗಿದ್ದರೂ ವರ್ಷಗಟ್ಟಲೆ ಯಾರೂ ಮುಟ್ಟಲಿಲ್ಲ. 1991ರ ಕೊಲ್ಲಿಯುದ್ಧಕ್ಕೆ 1,300 ಕೋಟಿ ಡಾಲರು ಕೊಟ್ಟೂ ಜಪಾನು ಮೆಚ್ಚುಗೆ ಗಳಿಸಲಿಲ್ಲ. 1995ರ ಜನವರಿ 17ರ ಮುಂಜಾನೆ ಕೋಬೆ ಪ್ರದೇಶದಲ್ಲಿ ಭೂಕಂಪವಾಗಿ 6,400ಕ್ಕೂ ಹೆಚ್ಚು ಜನ ಸತ್ತರು. ಆತ್ಮರಕ್ಷಣಾ ಪಡೆಗಳು ದೊಡ್ಡ ಪ್ರಮಾಣದಲ್ಲಿ ಹೊರಡಲು ಪ್ರಾಂತಾಧಿಪತಿಯ ಕೋರಿಕೆ ಬರಬೇಕೆಂಬ ವಿಧಿಯಿತ್ತು. ರಾಜಧಾನಿಗೆ ಸುದ್ದಿಯೂ ತಡವಾಗಿ ತಲುಪಿತು. ಪ್ರಧಾನಿ ಮುರಾಯಾಮಾ ತೊಮಿಇಚಿ ಸಜ್ಜನನೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವಶೇಷಗಳ ಕೆಳಗೆ ಸಿಲುಕಿದವರಿಗೆ ಅದರಿಂದ ಪ್ರಯೋಜನವೂ ಇರಲಿಲ್ಲ.

5

ಸುಧಾರಣೆಗಳು ಬಂದುವು. ಹೊಸೊಕಾವಾ ಮೊರಿಹಿರೊ ನೇತೃತ್ವದ ಸಮ್ಮಿಶ್ರ ಸರಕಾರ 1994ರಲ್ಲಿ ಚುನಾವಣಾ ಪದ್ಧತಿಯನ್ನು ಬದಲಿಸಿ 300 ಏಕಸದಸ್ಯ ಕ್ಷೇತ್ರಗಳನ್ನೂ 200 ಪ್ರಮಾಣಾನುಗುಣ ಸ್ಥಾನಗಳನ್ನೂ ತಂದಿತು. ಹಶಿಮೊತೊ ರ್ಯೂತಾರೊ ಆರಂಭಿಸಿದ ಆಡಳಿತ ಸುಧಾರಣೆಯ ಫಲವಾಗಿ 2001ರ ಜನವರಿಯಲ್ಲಿ ಇಲಾಖೆಗಳ ಸಂಖ್ಯೆ ಅರ್ಧದಷ್ಟಾಗಿ, ಪ್ರಧಾನಿಗೆ ನೆರವಾಗುವ ಸಂಪುಟ ಕಾರ್ಯಾಲಯ ಸ್ಥಾಪನೆಯಾಯಿತು. ಮೂಲಭೂತ ನೀತಿಗಳನ್ನು ಸಂಪುಟದ ಮುಂದೆ ತಾನೇ ಮಂಡಿಸುವ ಹಕ್ಕು ಪ್ರಧಾನಿಗೆ ಶಾಸನದ ಮೂಲಕ ಸ್ಪಷ್ಟವಾಗಿ ದೊರೆತುದು ಈ ಸುಧಾರಣೆಯಿಂದಲೇ ಎಂಬುದನ್ನು ಓದಿದರೆ ಭಾರತೀಯ ಓದುಗರಿಗೆ ಬೆರಗಾಗದಿರದು.

ಈ ಸಾಧನಗಳನ್ನು ಪೂರ್ಣವಾಗಿ ಬಳಸಿದವನು ಕೊಯಿಜುಮಿ ಜುನ್‌ಇಚಿರೊ (2001-06). ಅಂಚೆ ಇಲಾಖೆಯ ಖಾಸಗೀಕರಣದ ಮಸೂದೆ 2005ರ ಜುಲೈಯಲ್ಲಿ ಕೆಳಮನೆಯಲ್ಲಿ ಐದೇ ಮತಗಳಿಂದ ಗೆದ್ದು, ಆಗಸ್ಟ್ 8ರಂದು ಮೇಲ್ಮನೆಯಲ್ಲಿ ಬಿದ್ದುಹೋಯಿತು. ಅಂದೇ ಕೊಯಿಜುಮಿ ಕೆಳಮನೆಯನ್ನು ವಿಸರ್ಜಿಸಿದನು. ವಿಸರ್ಜನೆಗೆ ಸಹಿಹಾಕಲು ಒಪ್ಪದ ಕೃಷಿಸಚಿವನನ್ನು ತೆಗೆದು ಆ ಖಾತೆಯನ್ನು ತಾನೇ ವಹಿಸಿಕೊಂಡನು; ತಿರುಗಿಬಿದ್ದ ಸ್ವಪಕ್ಷೀಯರಿಗೆ ಟಿಕೆಟ್ ನಿರಾಕರಿಸಿ ಅವರ ವಿರುದ್ಧ ಹೊಸಬರನ್ನು ನಿಲ್ಲಿಸಿದನು. ಸೆಪ್ಟೆಂಬರ್ 11ರ ಚುನಾವಣೆಯಲ್ಲಿ ಪಕ್ಷಕ್ಕೆ 296 ಸ್ಥಾನಗಳು ಬಂದುವು. ಜಪಾನೀಯರು ಪ್ರಬಲ ನಾಯಕತ್ವವನ್ನು ಸಹಿಸಲಾರರು ಎಂಬ ಸಾಂಸ್ಕೃತಿಕ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೊಂದಿಲ್ಲ. ಆದರೆ ಅವನ ನಂತರ, 2006ರಿಂದ 2012ರವರೆಗೆ, ಆರು ವರ್ಷಗಳಲ್ಲಿ ಆರು ಮಂದಿ ಪ್ರಧಾನಿಗಳು ಬಂದುಹೋದರು. ಸಾಧನಗಳಿದ್ದ ಮಾತ್ರಕ್ಕೆ ಬಳಸುವ ಕೈ ಇರುತ್ತದೆಂಬ ಖಾತರಿಯಿಲ್ಲ.

2011ರ ಮಾರ್ಚ್ 11ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ಪರಮಾಣು ದುರಂತ ಈ ಚರ್ಚೆಯನ್ನು ಇನ್ನಷ್ಟು ಜಟಿಲಗೊಳಿಸಿದುವು. ಪ್ರಧಾನಿ ಕಾನ್ ನಾವೊತೊ ಮರುದಿನ ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿ ಸ್ಥಾವರಕ್ಕೇ ಹೋದನು. 15ರ ಮುಂಜಾನೆ ವಿದ್ಯುತ್ ಕಂಪನಿಯ ಮುಖ್ಯ ಕಚೇರಿಗೆ ನುಗ್ಗಿ ಜಂಟಿ ಕೇಂದ್ರವನ್ನು ತೆರೆದನು. ಮುರಾಯಾಮಾನದು ನಿಧಾನವೆಂದು ದೂರಿದ ದೇಶ ಈಗ ಪ್ರಧಾನಿಯ ಹಸ್ತಕ್ಷೇಪ ಅತಿಯಾಯಿತೆಂದು ದೂರಿತು. ಸಂಸತ್ತು ನೇಮಿಸಿದ ಸ್ವತಂತ್ರ ತನಿಖಾ ಆಯೋಗ 2012ರ ಜುಲೈಯಲ್ಲಿ ವರದಿಯೊಪ್ಪಿಸಿ, ಇದು ಮಾನವಕೃತ ದುರಂತವೆಂದು ಸಾರಿತು. ಆಯೋಗದ ಅಧ್ಯಕ್ಷ ಕುರೊಕಾವಾ ಕಿಯೊಶಿ ವರದಿಯ ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ದುರಂತದ ಮೂಲವನ್ನು ಜಪಾನೀ ಸಂಸ್ಕೃತಿಯಲ್ಲಿಯೇ ಗುರುತಿಸಿದನು: ಪ್ರಶ್ನಿಸದ ವಿಧೇಯತೆ, ಗುಂಪುನಿಷ್ಠೆ ಇತ್ಯಾದಿ. ಈ ಸಾಂಸ್ಕೃತಿಕ ನಿದಾನ ಜಪಾನೀ ಆವೃತ್ತಿಯಲ್ಲಿ ಹೀಗೆ ಇರಲಿಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ಜೆರಾಲ್ಡ್ ಕರ್ಟಿಸ್ ಮೊದಲಾದವರು ಇದನ್ನು ಖಂಡಿಸಿದರು. ಸಂಸ್ಕೃತಿಯೇ ಅಪರಾಧಿಯಾದರೆ ವ್ಯಕ್ತಿಗಳಾರೂ ಅಪರಾಧಿಗಳಲ್ಲವೆಂದಾಗುತ್ತದೆ. ಹೊಣೆಗಾರರನ್ನು ಹುಡುಕಲು ಹೊರಟ ವರದಿಯ ಮುನ್ನುಡಿಯೇ ಮತ್ತೊಮ್ಮೆ ಪಲ್ಲಕ್ಕಿಯನ್ನು ಮುಂದಿಟ್ಟಿತು ಎನ್ನದೆ ವಿಧಿಯಿಲ್ಲ.

6

ಆಬೆ ಶಿಂಜೊ 2012ರ ಡಿಸೆಂಬರಿನಲ್ಲಿ ಎರಡನೆಯ ಸಲ ಪ್ರಧಾನಿಯಾಗಿ 2020ರವರೆಗೆ ಮುಂದುವರಿದನು. ಒಟ್ಟು ಅವಧಿಯಲ್ಲಿ ಜಪಾನಿನ ಇತಿಹಾಸದಲ್ಲಿಯೇ ಅತಿ ದೀರ್ಘ. 2014ರಲ್ಲಿ ಸಂಪುಟ ಸಿಬ್ಬಂದಿ ವಿಭಾಗವನ್ನು ಸ್ಥಾಪಿಸಿ ಸುಮಾರು 600 ಉನ್ನತಾಧಿಕಾರಿಗಳ ನೇಮಕವನ್ನು ಪ್ರಧಾನಿಯ ಸುತ್ತಲಿನವರ ಹಿಡಿತಕ್ಕೆ ತರಲಾಯಿತು. 1993ರಲ್ಲಿ ಒಜಾವಾ ಬೇಡಿದ್ದ ಕೇಂದ್ರ ಕೊನೆಗೂ ನಿರ್ಮಾಣವಾಗಿತ್ತು.

2017ರಲ್ಲಿ ‘ಸೊನ್‌ತಾಕು’ ಎಂಬ ಹಳೆಯ ಪದವೊಂದು ಆ ವರ್ಷದ ಜನಪ್ರಿಯ ಪದವೆಂಬ ಬಿರುದು ಪಡೆಯಿತು. ಮೇಲಿನವರು ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸನ್ನು ಊಹಿಸಿ ನಡೆದುಕೊಳ್ಳುವುದು ಎಂದು ಅದರ ಅರ್ಥ. ಕನ್ನಡದಲ್ಲಿ ಇಂಗಿತಜ್ಞತೆ ಸೇವಕನ ಗುಣ, ಹೊಗಳಿಕೆಯ ಮಾತು. ಜಪಾನಿನಲ್ಲಿ ಸೊನ್‌ತಾಕು ಆ ವರ್ಷ ಬೈಗುಳವಾಯಿತು. ಒಸಾಕಾದ ಶಿಕ್ಷಣಸಂಸ್ಥೆಯೊಂದಕ್ಕೆ ಸರಕಾರಿ ನಿವೇಶನವನ್ನು ಬಹಳ ಕಡಿಮೆ ಬೆಲೆಗೆ ಮಾರಿದ ಪ್ರಕರಣದಲ್ಲಿ ಆಬೆಯ ಪತ್ನಿಯ ಸಂಪರ್ಕದ ಮಾತು ಬಂದಿತ್ತು. ತಾನಾಗಲಿ ಪತ್ನಿಯಾಗಲಿ ಭಾಗಿಯಾಗಿದ್ದರೆ ಪದವಿ ತೊರೆಯುವೆನೆಂದು ಆಬೆ ಫೆಬ್ರವರಿ 17ರಂದು ಸಂಸತ್ತಿನಲ್ಲಿ ನುಡಿದನು. ಆ ಬಳಿಕ ಹಣಕಾಸು ಇಲಾಖೆಯ ದಾಖಲೆಗಳನ್ನು ತಿದ್ದಲಾಯಿತು. 14 ದಾಖಲೆಗಳು ತಿದ್ದಲ್ಪಟ್ಟಿದ್ದುವೆಂದು ಇಲಾಖೆಯೇ 2018ರ ಮಾರ್ಚ್ 12ರಂದು ಒಪ್ಪಿಕೊಂಡಿತು. ಈ ಕೆಲಸಕ್ಕೆ ತಳ್ಳಲ್ಪಟ್ಟ ಸ್ಥಳೀಯ ಅಧಿಕಾರಿಯೊಬ್ಬರು ಅದೇ ತಿಂಗಳು ಆತ್ಮಹತ್ಯೆ ಮಾಡಿಕೊಂಡಿದ್ದರು. ಪ್ರಧಾನಿ ಹೀಗೆ ಮಾಡಿರೆಂದು ಆಜ್ಞಾಪಿಸಿದನೆಂಬುದಕ್ಕೆ ಸಾಕ್ಷ್ಯ ಹೊರಬಂದಿಲ್ಲ. ಆಜ್ಞೆಯೇ ಬೇಕಿಲ್ಲದಿದ್ದುದು ಈ ಪ್ರಕರಣದ ತಿರುಳು. 1941ರಲ್ಲಿ ಕೇಂದ್ರ ಬರಿದಾಗಿದ್ದುದರಿಂದ ಹೊಣೆ ಮಾಯವಾಗಿತ್ತು. ಇಲ್ಲಿ ಕೇಂದ್ರ ತುಂಬಿದ್ದರೂ ಹೊಣೆ ಮಾಯವಾಯಿತು. ಆಜ್ಞಾಪಿಸುವ ಶಕ್ತಿ ಬೇರೆ, ಉತ್ತರ ಹೇಳುವ ಶಕ್ತಿ ಬೇರೆ. ಕಳೆದ ಮೂವತ್ತು ವರ್ಷಗಳ ಸುಧಾರಣೆ ಮೊದಲನೆಯದನ್ನು ಬೆಳೆಸಿದಷ್ಟು ಎರಡನೆಯದನ್ನು ಬೆಳೆಸಲಿಲ್ಲ.

2022ರ ಜುಲೈ 8ರಂದು ಆಬೆ ನಾರಾ ನಗರದಲ್ಲಿ ಚುನಾವಣಾ ಭಾಷಣ ಮಾಡುತ್ತಿದ್ದಾಗ ಗುಂಡಿಗೆ ಬಲಿಯಾದನು. 2024ರ ಅಕ್ಟೋಬರಿನಲ್ಲಿ ಪ್ರಧಾನಿಯಾದ ಇಶಿಬಾ ಶಿಗೆರು ಅದೇ ತಿಂಗಳ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡು, ಒಂದು ವರ್ಷದಲ್ಲಿಯೇ ನಿರ್ಗಮಿಸಿದನು. 2025ರ ಅಕ್ಟೋಬರ್ 21ರಂದು ತಕಾಯಿಚಿ ಸನಾಯೆ ಜಪಾನಿನ ಮೊದಲ ಮಹಿಳಾ ಪ್ರಧಾನಿಯಾಗಿ ಆಯ್ಕೆಯಾದಳು. ದುರ್ಬಲನೆಂದು ಎಣಿಸಲ್ಪಟ್ಟ ಇಶಿಬಾನ ಅಲ್ಪಾವಧಿಯಲ್ಲಿ ನಡೆದ ಒಂದು ಘಟನೆ ಹೆಚ್ಚು ಸುದ್ದಿಯಾಗಲಿಲ್ಲ. ಮೃತ ಅಧಿಕಾರಿಯ ಪತ್ನಿ ದಾಖಲೆಗಳಿಗಾಗಿ ವರ್ಷಗಳಿಂದ ಹೋರಾಡುತ್ತಿದ್ದರು. ಅಂತಹ ದಾಖಲೆಗಳು ಇವೆಯೋ ಇಲ್ಲವೋ ಎಂಬುದನ್ನೂ ಹೇಳಲು ಸರಕಾರ ನಿರಾಕರಿಸಿತ್ತು. 2025ರ ಜನವರಿಯಲ್ಲಿ ಒಸಾಕಾ ಉಚ್ಚ ನ್ಯಾಯಾಲಯ ಆ ನಿರಾಕರಣೆಯನ್ನು ರದ್ದುಗೊಳಿಸಿತು. ಇಶಿಬಾ ಸರಕಾರ ಮೇಲ್ಮನವಿ ಸಲ್ಲಿಸಲಿಲ್ಲ. ಏಪ್ರಿಲ್ ತಿಂಗಳಿಂದ ದಾಖಲೆಗಳು ಕಂತುಕಂತಾಗಿ ಆಕೆಯ ಕೈಸೇರತೊಡಗಿದುವು.